ಪಡು ಗೋಡೆಗೆ ರೇನ್‌ಕೋಟೋ, ಕೊಡೆಯೋ?

ಜುಲೈ ತಿಂಗಳಲ್ಲಿ ಊರಿಂದ ಅಮ್ಮನ ವಿಡಿಯೊ ಕಾಲ್ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಅವಳ ಹಿಂದಿನ ಗೋಡೆಯನ್ನು. ಬಣ್ಣ ಗುಳ್ಳೆ ಎದ್ದಿದೆಯಾ? ಕಪ್ಪು ಬೂಷ್ಟು ಎಲ್ಲಿಯವರೆಗೆ ಹತ್ತಿದೆ? ನಾನು ಕೇಳುವ ಮೊದಲೇ ಅಮ್ಮ ಕ್ಯಾಮೆರಾ ಆಚೆ ತಿರುಗಿಸಿ, "ಅದನ್ನೆಲ್ಲ ಎಂತ ನೋಡ್ತಿ, ಊಟ ಆಯ್ತಾ?" ಅನ್ನುತ್ತಿದ್ದಳು. ಅಷ್ಟರಲ್ಲಿ ಕೆಮ್ಮು ಬಂದಿರುತ್ತಿತ್ತು.

ನಮ್ಮ ಮನೆ ಇರುವುದು ಕುಂದಾಪುರದ ಹತ್ತಿರ, ಸಮುದ್ರಕ್ಕೆ ಒಂದೂವರೆ ಕಿಲೋಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಾದರೆ ನಮ್ಮ ಕರಾವಳಿಯಲ್ಲಿ 3,500 ಮಿ.ಮೀ. ದಾಟುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವುದು. ಅದೂ ನೆಟ್ಟಗೆ ಬೀಳುವ ಮಳೆಯಲ್ಲ, ಪಡುಗಾಳಿಯ ಜೊತೆ ಅಡ್ಡಡ್ಡ ಬಂದು ಗೋಡೆಗೆ ಬಡಿಯುವ ಎರಚಲು. ಅಮ್ಮನ ಮಂಚ ಇದ್ದದ್ದು ಆ ಪಡು ಗೋಡೆಗೆ ತಾಗಿಕೊಂಡೇ.

ಮಿಂಚುವ ಟೈಲ್, ಒದ್ದೆ ಗೋಡೆ

2019ರ ಬೇಸಿಗೆಯಲ್ಲಿ ನಾನೊಂದು 'ಪರ್ಮನೆಂಟ್ ಸೊಲ್ಯೂಷನ್' ಮಾಡಿಸಿದೆ. ಪಡು ಗೋಡೆಯ ಹೊರಮೈಗೆ ಮೇಲಿಂದ ಕೆಳಗಿನವರೆಗೂ ಟೈಲ್ ಅಂಟಿಸಿದ್ದು. ಮೊದಲು ಅಪ್ಪಯ್ಯ ಪ್ರತಿ ಮಳೆಗಾಲಕ್ಕೂ ಆ ಕಡೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸುತ್ತಿದ್ದರು. ಸಾಫ್ಟ್‌ವೇರ್ ಕೆಲಸದ ಮಗನ ಮನೆಗೆ ತಟ್ಟಿಯೇ ಎಂದು ನನಗೆ ನಾಚಿಕೆ. ಟೈಲ್ ಹಾಕಿಸಿದ ಮೇಲೆ ಫೋಟೊ ತೆಗೆದು ಸ್ಟೇಟಸ್ ಹಾಕಿದ್ದೂ ಆಯಿತು.

ಎರಡನೇ ಮಳೆಗಾಲಕ್ಕೆ ಒಳಗಿನ ಗೋಡೆ ಮೊದಲಿಗಿಂತ ಹೆಚ್ಚು ಒದ್ದೆಯಾಯಿತು. ಹೊರಗೆ ನೋಡಿದರೆ ಟೈಲ್ ಫಳಫಳ! 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದ ರಾತ್ರಿ ಮೇಲಿನ ಆರೇಳು ಟೈಲ್ ಕಳಚಿ, ಹಗಲು ಅಮ್ಮ ಬಟ್ಟೆ ಒಣಗಿಸುವ ಜಾಗಕ್ಕೇ ಬಿದ್ದವು. ಬೆಳಿಗ್ಗೆ ಆ ಚೂರುಗಳ ಫೋಟೊ ನೋಡಿ ಕೈ ನಡುಗಿತು.

ರಿಪೇರಿಗೆ ಬಂದ ಹಳೇ ಮೇಸ್ತ್ರಿ ಒಂದು ಟೈಲ್ ಎಬ್ಬಿಸಿ ಹಿಂದೆ ಕೈ ಹಾಕಿ ನೋಡಿದರು. ಕೈ ತುಂಬ ನೀರು. "ನೀವು ಗೋಡೆಗೆ ರೇನ್‌ಕೋಟ್ ಹಾಕಿದ್ದೀರಿ ಮಾರಾಯ್ರೆ. ಕಾಲರಿನಿಂದ ನೀರು ಒಳಗೆ ಹೋಗಿದೆ, ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ಗೋಡೆಗೆ ಬೇಕಾದ್ದು ಕೊಡೆ."

ನೀರು ಎಲ್ಲಿಂದ ಬಂತು?

ಟೈಲ್‌ನ ನಡುವಿನಿಂದಲ್ಲ. ತಾರಸಿಯ ಪ್ಯಾರಪೆಟ್ ಮೇಲಿನ ಬಿರುಕಿನಿಂದ, ಕಿಟಕಿಯ ಕಟ್ಟೆ ಒಳಕ್ಕೆ ಇಳಿಜಾರಾಗಿದ್ದರಿಂದ, ಟೈಲ್ ಸಂದುಗಳಿಂದ. ನಮ್ಮ ಕೆಂಪುಕಲ್ಲಿನ ಮೈಯಲ್ಲಿ ಸಣ್ಣ ಸಣ್ಣ ತೂತು, ನೀರು ಕುಡಿಯುತ್ತದೆ. ಬಿಸಿಲು ಗಾಳಿ ತಾಗಿದರೆ ಅದೇ ನೀರನ್ನು ಬಿಟ್ಟುಕೊಡುತ್ತದೆ. ಹೊರಮೈ ಮುಚ್ಚಿದಾಗ ತೇವಕ್ಕೆ ಉಳಿದದ್ದು ಒಳಗಿನ ದಾರಿ ಒಂದೇ, ಅಂದರೆ ಅಮ್ಮನ ಕೋಣೆ.

ಅಪ್ಪಯ್ಯನ ತಟ್ಟಿಯ ಬುದ್ಧಿವಂತಿಕೆ ಆಗ ಅರ್ಥವಾಯಿತು. ತಟ್ಟಿ ಗೋಡೆಗೆ ಅಂಟುವುದಿಲ್ಲ, ಸ್ವಲ್ಪ ದೂರ ನಿಲ್ಲುತ್ತದೆ. ಮಳೆಯ ಪೆಟ್ಟನ್ನು ತಾನು ತಿನ್ನುತ್ತದೆ, ಹಿಂದೆ ಗಾಳಿ ಆಡುತ್ತದೆ, ದಾಟಿ ಬಂದ ಒಂದಿಷ್ಟು ನೀರು ಕೆಳಗಿಳಿದು ಹೋಗುತ್ತದೆ. ಇಂದಿನ ಎಂಜಿನಿಯರುಗಳು 'ರೈನ್‌ಸ್ಕ್ರೀನ್' ಎಂದು ಕರೆಯುವುದು ಇದೇ ಉಪಾಯವನ್ನು!

ಯಾವುದು ಎಲ್ಲಿಗೆ ಸರಿ?

*ಸಾರಣೆ ಮತ್ತು ಬಣ್ಣ:* ಮಾಡು ಮುಂದೆ ಚಾಚಿದ್ದರೆ ಇಷ್ಟೇ ಸಾಕು. ಎರಡು ಕೋಟ್ ಸೇರಿ ಸುಮಾರು 20 ಮಿ.ಮೀ. ಸಾರಣೆ, ಕನಿಷ್ಠ 7 ದಿನ ನೀರುಣಿಸುವುದು, ಕಲ್ಲು ಮತ್ತು ಕಾಂಕ್ರೀಟ್ ಸೇರುವಲ್ಲಿ ಜಾಲರಿ. ಇದರಲ್ಲಿ ಯಾವುದನ್ನೂ ಬಿಡಬೇಡಿ. ಸಾರಣೆ ಪೂರ್ತಿ ಒಣಗುವ ಮೊದಲು ಬಣ್ಣ ಬೇಡ. ಮೇ ಕೊನೆಯ ವಾರ ಅವಸರದಲ್ಲಿ ಬಳಿದ ಬಣ್ಣ ಆಗಸ್ಟಿನಲ್ಲಿ ಸುಲಿಯುತ್ತದೆ.

*ಟೈಲ್, ಕಲ್ಲಿನ ಕ್ಲಾಡಿಂಗ್:* ಸಿಟ್‌ಔಟ್‌ನಂಥ ಮಳೆ ತಾಗದ ಕಡೆ ಚಂದ. ಎತ್ತರದ, ಎರಚಲು ಬಡಿಯುವ ಗೋಡೆಗೆ ಬರೀ ಅಂಟನ್ನು ನಂಬಬೇಡಿ.

*ಪಿವಿಸಿ ಪ್ಯಾನೆಲ್:* ಗೆದ್ದಲು ಹಿಡಿಯದು, ಉಪ್ಪುಗಾಳಿಗೆ ತುಕ್ಕು ಹಿಡಿಯದು. ಆದರೆ ಬಿಸಿಲಿಗೆ ಹಿಗ್ಗುತ್ತದೆ. ಹಿಗ್ಗಲು ಜಾಗ ಬಿಡದಿದ್ದರೆ ಸೊಟ್ಟಗಾಗುತ್ತದೆ, ಅಂಚು ಸಡಿಲವಿದ್ದರೆ ಬಿರುಗಾಳಿ ಕಿತ್ತೊಯ್ಯುತ್ತದೆ.

*ಫೈಬರ್ ಸಿಮೆಂಟ್ ಬೋರ್ಡ್:* ಬೆಂಕಿಗೂ ಗೆದ್ದಲಿಗೂ ಜಗ್ಗದು, ಬಣ್ಣ ಹಿಡಿಯುತ್ತದೆ. ಕತ್ತರಿಸಿದ ಅಂಚು ಮತ್ತು ಸ್ಕ್ರೂ ತೂತುಗಳನ್ನು ಸೀಲ್ ಮಾಡದಿದ್ದರೆ ಅಲ್ಲಿಂದಲೇ ನೀರು ಕುಡಿಯುತ್ತದೆ. ಭಾರ ಜಾಸ್ತಿ, ಗಟ್ಟಿ ಫ್ರೇಮ್ ಬೇಕು.

*ಬಣ್ಣದ ಲೋಹದ ಶೀಟ್:* ಹಗುರ, ಕೆಲಸ ಬೇಗ ಮುಗಿಯುತ್ತದೆ. ಮಳೆಯ ಸದ್ದು ಸಹಿಸಿಕೊಳ್ಳಬೇಕು. ಸಮುದ್ರದ ಹತ್ತಿರ ಕಬ್ಬಿಣದ ಶೀಟ್‌ಗಿಂತ ಅಲ್ಯೂಮಿನಿಯಂ ಬಾಳಿಕೆ ಬರುತ್ತದೆ.

ಬೋರ್ಡ್ ಯಾವುದೇ ಇರಲಿ, ಅದನ್ನು ಹಿಡಿದುಕೊಳ್ಳುವುದು ಸ್ಕ್ರೂ. ಉಪ್ಪುಗಾಳಿಗೆ ಸಾಧಾರಣ ಸ್ಕ್ರೂ ತುಕ್ಕು ಹಿಡಿದು ಮೊದಲು ಸೋಲುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ 304ಕ್ಕಿಂತ 316 ಗ್ರೇಡ್ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ದುಬಾರಿ ಹೌದು, ಆದರೆ ಉಳಿತಾಯ ಮಾಡುವ ಜಾಗ ಇದಲ್ಲ.

ನಾವು ಮಾಡಿದ್ದು

ಟೈಲ್ ಪೂರ್ತಿ ತೆಗೆಸಿದೆವು. ಕೊಟ್ಟ ದುಡ್ಡು ಹೋಯಿತು. ಜನವರಿಯಿಂದ ಏಪ್ರಿಲ್‌ವರೆಗೆ ಗೋಡೆಯನ್ನು ಹಾಗೇ ಒಣಗಲು ಬಿಟ್ಟೆವು. ಪ್ಯಾರಪೆಟ್ ಬಿರುಕು ಮುಚ್ಚಿಸಿ, ಕಿಟಕಿಯ ಕಟ್ಟೆಯನ್ನು ಹೊರಕ್ಕೆ ಇಳಿಜಾರು ಮಾಡಿಸಿ, ಸಜ್ಜಾದ ಅಡಿಯಲ್ಲಿ ನೀರು ಒಳಕ್ಕೆ ಹರಿಯದೆ ತೊಟ್ಟಿಕ್ಕುವಂತೆ ಸಣ್ಣ ಗೆರೆ ತೆಗೆಸಿದೆವು. ಪಡು ದಿಕ್ಕಿಗೆ ಮಾಡನ್ನು ಮೂರು ಅಡಿ ಚಾಚಿಸಿದೆವು. ಗಾಳಿ ಅಡಿಯಿಂದ ಎತ್ತದಂತೆ ಗೋಡೆಗೆ ಬಿಗಿದು ಕಟ್ಟಿದ್ದೂ ಆಯಿತು. ಕೊನೆಗೆ ಗೋಡೆಯಿಂದ ಒಂದಿಂಚು ದೂರಕ್ಕೆ ಫ್ರೇಮ್ ನಿಲ್ಲಿಸಿ ಫೈಬರ್ ಸಿಮೆಂಟ್ ಬೋರ್ಡ್. ಮೇಲೆ ಕೆಳಗೆ ಗಾಳಿಗೆ ದಾರಿ, ಹುಳ ಬಾರದಂತೆ ಜಾಲರಿ.

ನೀವೂ ಊರಿನ ಮನೆ ಕಟ್ಟಿಸುತ್ತಿದ್ದರೆ, ರಿಪೇರಿ ಮಾಡಿಸುತ್ತಿದ್ದರೆ ಕ್ಯಾಟಲಾಗ್ ಬಿಡಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಗೋಡೆಗೆ ಮಳೆ ತಾಗುವುದನ್ನೇ ಕಡಿಮೆ ಮಾಡಲು ಆಗುತ್ತದಾ? ಒಳಗೆ ಹೋದ ನೀರು ಎಲ್ಲಿಂದ ಹೊರಗೆ ಬರುತ್ತದೆ? ಬಿರುಗಾಳಿ ಬಂದರೆ ಇದನ್ನು ಹಿಡಿದುಕೊಳ್ಳುವುದು ಏನು? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಬಣ್ಣ ಆರಿಸಿ.

ಮೊದಲ ಮಳೆಗಾಲ ಅಮ್ಮನಿಗೆ ನಂಬಿಕೆ ಬರಲಿಲ್ಲ, ಮಂಚ ಮೂಡು ಕೋಣೆಯಲ್ಲೇ ಇತ್ತು. ದಿನಾ ಬೆಳಿಗ್ಗೆ ಪಡು ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದಳಂತೆ. ಎರಡನೇ ಜುಲೈಯಲ್ಲಿ ವಿಡಿಯೊ ಕಾಲ್ ಬಂದಾಗ ಅವಳು ಹಳೇ ಜಾಗದಲ್ಲೇ, ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಧೋ ಎಂದು ಮಳೆ. ಕ್ಯಾಮೆರಾ ಆಚೆ ತಿರುಗಿಸಲಿಲ್ಲ. "ಊಟ ಆಯ್ತಾ?" ಅಂದಳು.