ಕೊಪಣದ ನೆಲದಲ್ಲಿ ಮಿತವ್ಯಯದ ವಿಚಾರ

ಆಯಕ್ಕೆ ತಕ್ಕಂತೆ ವ್ಯಯವಿರಬೇಕೆಂಬುದು ಎಲ್ಲ ದೇಶಗಳ ನೀತಿಗ್ರಂಥಗಳಲ್ಲಿಯೂ ದೊರೆಯುವ ಮಾತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಕನ್ನಡದ ಗಾದೆಯೂ ಅದನ್ನೇ ಹೇಳುತ್ತದೆ. ಆದರೆ ಹಾಸಿಗೆಯ ಉದ್ದವನ್ನು ಯಾವ ಮಾನದಿಂದ ಅಳೆಯತಕ್ಕದ್ದು, ಕಾಲು ಚಾಚಿದ ಮೇಲೆಯೂ ಹಾಸಿಗೆ ಮಿಕ್ಕರೆ ಆ ಮಿಕ್ಕ ಭಾಗವು ಯಾರಿಗೆ ಸೇರಿದುದು ಎಂಬ ಪ್ರಶ್ನೆಗಳಿಗೆ ಗಾದೆಯಲ್ಲಿ ಉತ್ತರವಿಲ್ಲ. ಕರವನ್ನೂ ಅನ್ನ ವಸ್ತ್ರ ವಸತಿಗಳ ವೆಚ್ಚವನ್ನೂ ಕಳೆದು ಉಳಿಯುವ ಧನವನ್ನು ಇಂದಿನ ಅರ್ಥಶಾಸ್ತ್ರಜ್ಞರು ಐಚ್ಛಿಕ ಆದಾಯವೆಂದು ಕರೆಯುತ್ತಾರೆ. ಉಳಿದುದು ಗಳಿಸಿದವನ ಇಚ್ಛೆಗೆ ಅಧೀನವೆಂಬ ಭಾವನೆಯು ಈ ಹೆಸರಿನಲ್ಲಿಯೇ ಅಡಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ನೆಲವನ್ನೂ ಅದರ ಸುತ್ತಣ ಸೀಮೆಯ ಗ್ರಂಥ, ಶಾಸನ, ಐತಿಹ್ಯಗಳನ್ನೂ ಪರಿಶೀಲಿಸಿದರೆ ಇದಕ್ಕಿಂತ ಭಿನ್ನವಾದ ಒಂದು ವಿಚಾರವು ತೋರಿಬರುವುದು. ಇಲ್ಲಿ ಮಿತಿಯನ್ನು ಆಯದಿಂದಲ್ಲದೆ ಅವಶ್ಯಕತೆಯಿಂದ ಅಳೆಯುವ ವಾಡಿಕೆಯಿದ್ದಿತು. ಮಿಕ್ಕುದರ ಮೇಲೆ ಗಳಿಸಿದವನದಲ್ಲದ ಬೇರೆ ಹಕ್ಕುಗಳಿದ್ದುವು.

ಮೊದಲು ಶಬ್ದವನ್ನು ನೋಡಬಹುದು. ಹಳಗನ್ನಡದ 'ಅಳವು' ಎಂಬ ಮಾತಿಗೆ ಪ್ರಮಾಣವೆಂಬ ಅರ್ಥವೂ ಶಕ್ತಿಯೆಂಬ ಅರ್ಥವೂ ಉಂಟು. ಅಳತೆಯೂ ಸಾಮರ್ಥ್ಯವೂ ಒಂದೇ ಮಾತಿನಲ್ಲಿ ಕೂಡಿರುವುದು ಗಮನಾರ್ಹವಾದುದು. ತನ್ನ ಅಳವನ್ನು ತಿಳಿದವನೆಂದರೆ ತನ್ನ ಬಲವನ್ನು ತಿಳಿದವನೆಂದೂ ಆಗುತ್ತದೆ. ಲೋಭಕ್ಕೂ ದುಂದಿಗೂ ನಡುವಣ ನಡೆಯನ್ನು ಸೂಚಿಸಲು ಇದಕ್ಕಿಂತ ಒಪ್ಪುವ ಶಬ್ದವು ದೊರೆಯುವುದು ಕಷ್ಟ.

ಇನ್ನು ನೆಲದ ಸ್ವರೂಪ. ೧೯೯೭ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ಈ ಸೀಮೆಯಲ್ಲಿ ಎರೆಭೂಮಿಯೂ ಮಸಾರಿಯೂ ಇವೆ. ಮಳೆಯು ಅಲ್ಪ, ಅದೂ ಅನಿಶ್ಚಿತ. ಕುಷ್ಟಗಿ, ಯಲಬುರ್ಗಾ ಭಾಗಗಳಲ್ಲಿ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನಂಬಿರುವುದು. ಇಂತಹ ನೆಲದಲ್ಲಿ ಆಯವು ತಿಂಗಳು ತಿಂಗಳಿಗೆ ಬರುವುದಿಲ್ಲ. ರಾಶಿಯ ಕಾಲದಲ್ಲಿ ಒಮ್ಮೆಗೇ ಬರುತ್ತದೆ. ಕಣದಲ್ಲಿ ನಿಂತ ಜೋಳದ ರಾಶಿಯು ಕಣ್ಣಿಗೆ ಸಂಪತ್ತಾಗಿ ತೋರಿದರೂ ಅದರ ಬಹುಭಾಗವು ಆ ವೇಳೆಗಾಗಲೇ ಹಂಚಿಹೋಗಿರುತ್ತಿದ್ದಿತು. ಬಡಗಿ ಕಮ್ಮಾರ ಮೊದಲಾದ ಆಯಗಾರರ ಪಾಲು ಕಣದಲ್ಲಿಯೇ ಸಲ್ಲುತ್ತಿದ್ದಿತು. ನೆಲದ ತೆರಿಗೆ, ಕೋರಿನ ಹೊಲವಾದರೆ ಒಡೆಯನ ಪಾಲು, ಮುಂದಣ ಬಿತ್ತಿಗೆ ಬೀಜ, ಮನೆಯವರಿಗೆ ವರ್ಷದ ಕೂಳು, ದನಗಳಿಗೆ ಮೇವು ಇವೆಲ್ಲವೂ ತೀರಿದ ಮೇಲೆ ಉಳಿದುದೇ ಹಬ್ಬ, ಜಾತ್ರೆ, ಮದುವೆ, ಒಡವೆಗಳಿಗೆ ಒದಗತಕ್ಕದ್ದು. ಆ ಉಳಿಕೆಯೂ ಸ್ವತಂತ್ರವಾದುದಲ್ಲ. ಮೂರು ಬೆಳೆಗಳಲ್ಲಿ ಒಂದು ಕೆಡುವ ನೆಲದಲ್ಲಿ ಒಳ್ಳೆಯ ವರ್ಷದ ಮಿಗತೆಯು ಬರಲಿರುವ ಕೆಟ್ಟ ವರ್ಷದ ಸೊತ್ತು. ನೆಲದಲ್ಲಿ ತೋಡಿ, ಕಾಳು ತುಂಬಿ, ಬಾಯಿ ಮುಚ್ಚಿಡುತ್ತಿದ್ದ ಹಗೇವು ಈ ತಿಳಿವಳಿಕೆಯ ಪ್ರತ್ಯಕ್ಷ ರೂಪವಾಗಿದ್ದಿತು. ಹಗೇವಿನ ಬಾಯಿ ತೆರೆಯುವುದು ಸುಲಭದ ಕೆಲಸವಲ್ಲವಾದುದರಿಂದ ಅದು ಧಾನ್ಯವನ್ನು ಇಲಿ ಹುಳುಗಳಿಂದ ಕಾಯುತ್ತಿದ್ದಂತೆಯೇ ಯಜಮಾನನ ಕ್ಷಣದ ಚಪಲದಿಂದಲೂ ಕಾಯುತ್ತಿದ್ದಿತು.

ಈ ಭೌತಿಕ ಸ್ಥಿತಿಗೆ ಸಮಾನಾಂತರವಾಗಿ ನಡೆದುಬಂದಿರುವ ಧರ್ಮವಿಚಾರವನ್ನು ಈಗ ಪರಿಶೀಲಿಸಬಹುದು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಲಘುಶಿಲಾಶಾಸನಗಳಿರುವುದು ೧೯೩೧ರಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. ಪರಾಕ್ರಮದಿಂದ, ಅಂದರೆ ನಿಷ್ಠೆಯ ಪ್ರಯತ್ನದಿಂದ, ಪಡೆಯಬಹುದಾದ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಲಭ್ಯವೆಂಬುದು ಅವುಗಳ ಮುಖ್ಯಾಭಿಪ್ರಾಯ. ಮಿತವ್ಯಯದ ಮಾತು ಈ ಎರಡು ಶಾಸನಗಳಲ್ಲಿಲ್ಲ. ಅದಿರುವುದು ಆ ಚಕ್ರವರ್ತಿಯ ಮೂರನೆಯ ಬೃಹತ್ ಶಿಲಾಶಾಸನದಲ್ಲಿ. ಇದರ ಒಂದು ಪ್ರತಿಯು ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ತಾಯಿತಂದೆಗಳ ಶುಶ್ರೂಷೆ, ಮಿತ್ರರಿಗೂ ಜ್ಞಾತಿಗಳಿಗೂ ಬ್ರಾಹ್ಮಣ ಶ್ರಮಣರಿಗೂ ದಾನ, ಪ್ರಾಣಿಗಳ ಅಹಿಂಸೆ ಇವುಗಳ ಸಾಲಿನಲ್ಲಿಯೇ ಅಲ್ಪವ್ಯಯವನ್ನೂ ಅಲ್ಪಸಂಗ್ರಹವನ್ನೂ ಅದು ಸಾಧುವೆಂದು ಎಣಿಸುತ್ತದೆ. ಈ ಎರಡನ್ನೂ ಜೊತೆಯಾಗಿ ಹೇಳಿರುವುದರಲ್ಲಿಯೇ ಸ್ವಾರಸ್ಯವಿದೆ. ಅಲ್ಪವ್ಯಯವನ್ನು ಮಾತ್ರ ಹೇಳಿದ್ದರೆ ಅದು ಕೂಡಿಡುವವನ ನೀತಿಯಾಗುತ್ತಿದ್ದಿತು. ಅಲ್ಪಸಂಗ್ರಹವೂ ಸೇರಿದುದರಿಂದ, ವೆಚ್ಚ ಮಾಡದೆ ಉಳಿದುದು ಪೆಟ್ಟಿಗೆಯಲ್ಲಿ ನಿಲ್ಲದೆ ದಾನವಾಗಿ ಹರಿಯಬೇಕೆಂಬ ಅರ್ಥವು ತಾನಾಗಿಯೇ ಒದಗುವುದು.

ಮುಂದಣ ಸಾಕ್ಷ್ಯವು ಜೈನಧರ್ಮದ್ದು. ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಹೇಳುವಾಗ ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣವೂ ಒಂದು. ಅದು ಜೈನರಿಗೆ ಮಹಾತೀರ್ಥವಾಗಿದ್ದಿತು. ತೀರ್ಥವೆಂದೊಡನೆ ಮುನಿಗಳ ತಪಸ್ಸೂ ಸಲ್ಲೇಖನವೂ ನೆನಪಿಗೆ ಬರುವುವಾದರೂ, ಅಲ್ಲಿಗೆ ಬರುತ್ತಿದ್ದ ಗೃಹಸ್ಥ ಶ್ರಾವಕರಿಗೂ ನಿಯತವಾದ ವ್ರತಗಳಿದ್ದುವು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇವುಗಳನ್ನು ಸ್ಪಷ್ಟವಾಗಿ ವಿವರಿಸಿದೆ. ಧನಧಾನ್ಯಾದಿಗಳಿಗೆ ಒಂದು ಪ್ರಮಾಣವನ್ನು ಗೊತ್ತುಮಾಡಿಕೊಂಡು ಅದಕ್ಕಿಂತ ಹೆಚ್ಚಿನದನ್ನು ಬಯಸದಿರುವುದು ಪರಿಗ್ರಹಪರಿಮಾಣ. ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಉಂಟು. ಒಮ್ಮೆ ಅನುಭವಿಸಿದರೆ ತೀರಿಹೋಗುವ ಆಹಾರಾದಿಗಳು ಭೋಗ; ಮತ್ತೆ ಮತ್ತೆ ಅನುಭವಿಸಬಹುದಾದ ವಸ್ತ್ರಾದಿಗಳು ಉಪಭೋಗ. ಇವೆರಡಕ್ಕೂ ಮಿತಿಯಿಡುವುದು ಭೋಗೋಪಭೋಗಪರಿಮಾಣ. ಆ ಮಿತಿಯನ್ನು ಬಾಳಿನುದ್ದಕ್ಕೂ ಇಟ್ಟುಕೊಂಡರೆ ಯಮ. ಒಂದು ಹಗಲು, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಅವಧಿ ಹಾಕಿಕೊಂಡರೆ ನಿಯಮ. ಐಚ್ಛಿಕ ಆದಾಯವೆಂದು ಇಂದು ಹೇಳುವುದರಲ್ಲಿ 'ಆದಾಯ'ಕ್ಕಿರುವ ಪ್ರಾಧಾನ್ಯವು ಇಲ್ಲಿ 'ಇಚ್ಛೆ'ಗೆ ಸಂದಿದೆ. ಹಣವನ್ನು ಎಣಿಸುವುದಕ್ಕೆ ಮುಂಚೆ ಬಯಕೆಯನ್ನು ಎಣಿಸಬೇಕೆಂಬುದು ಇದರ ತಾತ್ಪರ್ಯ. ಅವಧಿ ಹಾಕಿಕೊಳ್ಳುವ ನಿಯಮವು ಸಾಮಾನ್ಯ ಗೃಹಸ್ಥನ ದೌರ್ಬಲ್ಯವನ್ನು ಅರಿತು ಮಾಡಿದುದೆಂಬುದನ್ನೂ ಮರೆಯಲಾಗದು.

ಹತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಯಶಸ್ತಿಲಕವನ್ನು ರಚಿಸಿದ ಸೋಮದೇವಸೂರಿಯು ನೀತಿವಾಕ್ಯಾಮೃತದಲ್ಲಿ ಆಯವ್ಯಯಗಳಿಗೆ ಮುನಿಯ ಕಮಂಡಲುವನ್ನು ನಿದರ್ಶನವಾಗಿ ಕೊಡುತ್ತಾನೆ. ನೀರು ತುಂಬುವ ಬಾಯಿ ಅಗಲ, ನೀರು ಹೊರಡುವ ಸೊಂಡಿಲು ಕಿರಿದು. ಆದುದರಿಂದಲೇ ದಾರಿ ಮುಗಿಯುವವರೆಗೂ ನೀರು ಒದಗುತ್ತದೆ. ಆಯವನ್ನು ಆಲೋಚಿಸದೆ ವೆಚ್ಚ ಮಾಡುವವನು ಕುಬೇರನೇ ಆದರೂ ಭಿಕ್ಷುವಾಗುವನೆಂಬುದೂ ಅವನ ಅಭಿಪ್ರಾಯ. ಆದರೆ ಕಮಂಡಲುವಿಗೆ ಸೊಂಡಿಲು ಇರಲೇಬೇಕು. ನೀರು ಹೊರಡದ ಪಾತ್ರೆಯಿಂದ ಮುನಿಗೆ ಉಪಯೋಗವಿಲ್ಲ.

ಮಿಗತೆಯು ಹೊರಡುತ್ತಿದ್ದ ದಾರಿಯನ್ನು ಶಾಸನಗಳು ತೋರಿಸುತ್ತವೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯ ಮಹಾದೇವ ದೇವಾಲಯವನ್ನು ೧೧೧೨ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದನು. ದೇವಾಲಯ ಚಕ್ರವರ್ತಿಯೆಂಬ ಪ್ರಶಂಸೆಯು ಅದಕ್ಕೆ ಶಾಸನದಿಂದಲೇ ಬಂದಿದೆ. ಇಂತಹ ವೈಭವವನ್ನು ಮಿತವ್ಯಯದ ಮಾತಿನೊಡನೆ ಸೇರಿಸುವುದು ಅಸಂಗತವಾಗಿ ಕಾಣಬಹುದು. ಆದರೆ ಆ ಕಾಲದ ದತ್ತಿಶಾಸನಗಳ ಪದ್ಧತಿಯನ್ನು ನೋಡಿದವರಿಗೆ ಸಂಗತಿಯು ವಿಶದವಾಗುವುದು. ಅಂಗಭೋಗ, ರಂಗಭೋಗ, ಆಹಾರದಾನ, ವಿದ್ಯಾದಾನಗಳೊಡನೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದೂ ಭೂಮಿಯನ್ನು ಬಿಡುವುದು ಅವುಗಳ ರೂಢಿ. ಒಡೆದು ಬಿರಿದುದನ್ನು ಸರಿಪಡಿಸುವ ವೆಚ್ಚವನ್ನು ಕಟ್ಟಡವು ಹೊಸದಾಗಿರುವಾಗಲೇ ತೆಗೆದಿಡುವ ಈ ದೂರದೃಷ್ಟಿಯೂ ಹಗೇವಿನ ವಿವೇಕವೂ ಒಂದೇ ಜಾತಿಯವು.

ಈ ವರೆಗಿನ ಸಾಕ್ಷ್ಯಗಳೆಲ್ಲವೂ ಉಳ್ಳವರಿಗೆ ಸಂಬಂಧಿಸಿದವು. ಇಲ್ಲದವರ ಪಕ್ಷದಿಂದ ಬಂದ ಮಾತಿಗೆ ಆಯ್ದಕ್ಕಿ ದಂಪತಿಗಳ ಕಥೆಯನ್ನು ನೋಡಬೇಕು. ಇವರು ಕುಷ್ಟಗಿಯ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ; ಅದರಿಂದ ಜಂಗಮದಾಸೋಹವು ನಡೆಯುತ್ತಿದ್ದಿತು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಶೂನ್ಯಸಂಪಾದನೆಯು ಈ ಪ್ರಸಂಗಕ್ಕೆ ದೊಡ್ಡ ಸ್ಥಾನವನ್ನು ಕೊಟ್ಟಿದೆ. ಆ ಅಕ್ಕಿಯು ಕದ್ದುದಲ್ಲ, ಸಾಲ ತಂದುದೂ ಅಲ್ಲ. ಆಯದ ಲೆಕ್ಕದಿಂದ ನೋಡಿದರೆ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಲಕ್ಕಮ್ಮನು ಹಿಡಿದ ಮಾನವು ಅಂದಿನ ದಾಸೋಹದ ಅವಶ್ಯಕತೆ. ಅಷ್ಟೇ ಅಕ್ಕಿಯಿಂದ ಅಸಂಖ್ಯಾತ ಜಂಗಮರಿಗೆ ಉಣಬಡಿಸಿದಳೆಂದು ಐತಿಹ್ಯವು ಕಥೆಯನ್ನು ಮುಗಿಸುತ್ತದೆ. ಪವಾಡವನ್ನು ನಂಬಲಿ ಬಿಡಲಿ, ಬಡತನದಲ್ಲಿಯೂ ಮಿತಿಯನ್ನು ತಾನೇ ಗೊತ್ತುಮಾಡುವ ಅಧಿಕಾರವು ಒಬ್ಬ ಹೆಂಗಸಿನ ಕೈಯಲ್ಲಿದ್ದುದು ಇಲ್ಲಿಯ ಮುಖ್ಯವಾದ ಅಂಶ.

ಲಕ್ಕಮ್ಮನ ಕಥೆಯನ್ನು ಮುಂದಿಟ್ಟುಕೊಂಡು ಬಡವರಿಗೆ ಮಿತವ್ಯಯವನ್ನು ಬೋಧಿಸುವುದು ಮಾತ್ರ ನ್ಯಾಯವಾಗದು. ಅವಳು ತನಗೆ ತಾನೇ ಇಟ್ಟುಕೊಂಡ ಮಿತಿಯನ್ನು ಹೊರಗಿನವರು ಹೇರಿದರೆ ಅದರ ಅರ್ಥವೇ ಬದಲಾಗುತ್ತದೆ. ಕುಟುಂಬವು ಬಡವಾದಷ್ಟೂ ಅದರ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚೆಂಬುದನ್ನು ಜರ್ಮನಿಯ ಅರ್ನ್ಸ್ಟ್ ಎಂಗೆಲನು ೧೮೫೭ರಲ್ಲಿ ಕುಟುಂಬಗಳ ಲೆಕ್ಕಗಳಿಂದ ತೋರಿಸಿದನು. ಕೂಳಿಗೇ ಎಲ್ಲವೂ ಸಲ್ಲುವಲ್ಲಿ ಕಡಿತ ಮಾಡಲು ಉಳಿಯುವುದಾದರೂ ಏನು? ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಪತ್ರಗಳನ್ನು ಸುಟ್ಟು ದಂಗೆಯೆದ್ದಾಗ, ಮದುವೆ ಮುಂಜಿಗಳ ದುಂದೇ ಸಾಲಕ್ಕೆ ಮೂಲವೆಂಬ ಮಾತು ಬಲವಾಗಿ ಹಬ್ಬಿದ್ದಿತು. ಆದರೆ ವಿಚಾರಣೆಗೆ ನೇಮಿಸಿದ ಸರ್ಕಾರದ ಆಯೋಗವೇ ಈ ಕಾರಣಕ್ಕೆ ಅತಿಯಾದ ಪ್ರಾಧಾನ್ಯವು ಸಂದಿದೆಯೆಂದೂ, ಇಂತಹ ವೆಚ್ಚವು ಸಾಲದ ಮೂಲವಾಗುವುದು ವಿರಳವೆಂದೂ ಅಭಿಪ್ರಾಯಪಟ್ಟಿತು. ಅದರ ಬೆನ್ನಿಗೇ ೧೮೭೬-೭೮ರ ಮಹಾಕ್ಷಾಮವು ಬಂದಿತು. ಅಂತಹ ಬರದಲ್ಲಿ ಹಗೇವು ಬರಿದಾದ ಮನೆಗೆ ಮಿತವ್ಯಯದ ಉಪದೇಶದಿಂದ ಒಂದು ಹಿಡಿ ಕಾಳೂ ಹುಟ್ಟುವುದಿಲ್ಲ.

ಒಂಟಿಯಾದ ಮನೆಗೆ ಮಿಗತೆಯಿಲ್ಲದಿದ್ದರೆ ಹಲವು ಮನೆಗಳು ಕೂಡಿ ಅದನ್ನು ನಿರ್ಮಿಸಬೇಕಾಗುತ್ತದೆ. ೧೯೦೪ರ ಸಹಕಾರ ಸಂಘಗಳ ಶಾಸನವು ಬಂದ ಮರುವರ್ಷವೇ, ಯಲಬುರ್ಗಾ ಸೀಮೆಗೆ ಪಡುವಲಲ್ಲಿರುವ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ ಭಾರತದ ಮೊದಲ ಕೃಷಿಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಊರಿನ ಸಣ್ಣಪುಟ್ಟ ಉಳಿಕೆಗಳು ಒಂದೆಡೆ ಸೇರಿ, ಅಗತ್ಯವುಳ್ಳವನಿಗೆ ಹದವಾದ ಬಡ್ಡಿಗೆ ಒದಗುವ ಈ ಏರ್ಪಾಡು ಹಲವು ಮನೆಗಳಿಗೆ ಒಂದೇ ಹಗೇವಿದ್ದಂತೆ.

೧೯೫೩ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರೆಯ ನೀರು ನಿಂತು ಕಾಲುವೆಗೆ ಹರಿದಂದಿನಿಂದ ಗಂಗಾವತಿಯ ಭಾಗವು ಬತ್ತದ ಕಣಜವೆಂದು ಹೆಸರಾಯಿತು. ಒಂದೇ ಜಿಲ್ಲೆಯಲ್ಲಿ ಬತ್ತದ ಆಯವೂ ಒಣಬೇಸಾಯದ ಜೋಳದ ಆಯವೂ ಅಕ್ಕಪಕ್ಕದಲ್ಲಿ ನಿಂತುವು. ನೀರಾವರಿಯು ಬಂದರೂ ಅನಿಶ್ಚಿತತೆಯು ಹೋಗಲಿಲ್ಲ. ಮೊದಲು ಸುಮಾರು ೧೩೩ ಶತಕೋಟಿ ಘನ ಅಡಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು ೧೦೫ಕ್ಕೆ ಇಳಿದಿದೆ. ೨೦೨೪ರ ಆಗಸ್ಟ್ ತಿಂಗಳಲ್ಲಿ ೧೯ನೆಯ ತೂಬಿನ ಬಾಗಿಲು ಕೊಚ್ಚಿಹೋಗಿ, ಕೂಡಿಟ್ಟ ನೀರು ಹಲವು ದಿನ ನದಿಗೆ ಹರಿದುಹೋಯಿತು. ತುಂಬಿದ ಜಲಾಶಯವನ್ನೂ ಒಳ್ಳೆಯ ವರ್ಷದ ರಾಶಿಯಂತೆಯೇ ನೋಡಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇವೆಲ್ಲದರಿಂದ ಫಲಿಸುವ ಅರ್ಥವಿಷ್ಟು: ಉಳ್ಳವನಿಗೆ ಮಿತಿಯು ಕರ್ತವ್ಯ; ಇಲ್ಲದವನಿಗೆ ಮಿತಿಯಿಡಲು ಸಾಧ್ಯವಾಗುವಷ್ಟು ಮಿಗತೆಯನ್ನು ಒದಗಿಸುವುದು ಸಮಾಜದ ಕರ್ತವ್ಯ. ಗವಿಮಠದ ಬೆಟ್ಟದಲ್ಲಿ ಸಣ್ಣವರಿಗೂ ದೊಡ್ಡವರಿಗೂ ಫಲವು ಸಮಾನವೆಂದ ಶಾಸನವು ಇಂದಿಗೂ ಇದೆ. ಪುಷ್ಯಮಾಸದ ಜಾತ್ರೆಯಲ್ಲಿ ಅದೇ ಬೆಟ್ಟದಡಿಯ ದಾಸೋಹಕ್ಕೆ ಸುತ್ತಣ ಹಳ್ಳಿಗಳಿಂದ ರೊಟ್ಟಿಯೂ ದವಸವೂ ಬಂಡಿಗಳಲ್ಲಿ ಬರುತ್ತವೆ. ಮಳೆ ಕಡಮೆಯಾದ ವರ್ಷ ಬಂಡಿಯು ಹಗುರವಾಗಬಹುದು. ಹಾಗಾದರೂ ಆ ರೊಟ್ಟಿಯಲ್ಲಿ ಒಂದು ಪಾಲು ತನ್ನದಲ್ಲವೆಂಬ ಅರಿವು ಈ ಸೀಮೆಯ ಒಕ್ಕಲಿಗನಿಗೆ ಉಂಟು.