ಈಜುವ ಟ್ಯಾಂಕಿಯಲ್ಲಿ ಪಾಚಿ, ಕಲೆ: ಮೈಲುತುತ್ತ ಸುರಿಯುವ ಮೊದಲು ಇದನ್ನು ಓದಿ

ತೋಟಕ್ಕೆ ನೀರು ಬಿಡಲು ಕಟ್ಟಿದ ಸಿಮೆಂಟ್ ಟ್ಯಾಂಕಿಯೇ ಏಪ್ರಿಲ್ ಬಂತೆಂದರೆ ಮಕ್ಕಳ ಈಜುಕೊಳ. ಕೆರಾಡಿ, ವಂಡ್ಸೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೈಲ್ಸ್ ಹಾಕಿಸಿ ಹೋಂಸ್ಟೇ ಮಾಡುವ ಯೋಚನೆ ಇದ್ದವರಿಗೂ ತಲೆನೋವು ಒಂದೇ: ಗೋಡೆಗೆ ಪಾಚಿ, ತಳದಲ್ಲಿ ಕಂದು ಕಲೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ನಾನು ಮಾಡಿದ ತಪ್ಪು ಮೊದಲು ಹೇಳ್ತೇನೆ. ಕೊಳೆ ರೋಗಕ್ಕೆ ಬೋರ್ಡೋ ಹೊಡೆದು ಮಿಕ್ಕಿದ ಮೈಲುತುತ್ತ ಕೊಟ್ಟಿಗೆಯಲ್ಲಿತ್ತು. ಪಾಚಿಗೂ ಇದೇ ಸಾಕು ಅಂತ ಒಂದೆರಡು ಮುಷ್ಟಿ ಹಾಕಿಬಿಟ್ಟೆ. ಪಾಚಿ ಸತ್ತದ್ದು ಹೌದು. ಆದರೆ ನಾಲ್ಕು ದಿನದಲ್ಲಿ ಗೋಡೆಗೆ ನೀಲಿ-ಹಸಿರು ಕಲೆ. ಅದನ್ನು ತೆಗೆಯಲು ಬ್ಲೀಚಿಂಗ್ ಪೌಡರ್ ಹಾಕಿದೆ. ಬೆಳಗ್ಗೆ ಎದ್ದು ನೋಡಿದರೆ ನೀರು ಕಟ್ಟಾ ಚಹಾ. ದೊಡ್ಡಪ್ಪ ಬಂದು ನೋಡಿ, "ಎಂತ ಮಾರಾಯ, ಅಡಿಕೆಗೆ ಹೊಡುದ್ ಟ್ಯಾಂಕಿಗೂ ಹಾಕಿದ್ಯಾ?" ಅಂತ ನಗಾಡಿದರು.

ಆದದ್ದೇನು ಅಂತ ಆಮೇಲೆ ಗೊತ್ತಾಯಿತು. ಬೋರ್ಡೋ ಮಾಡುವಾಗ ಮೈಲುತುತ್ತದ ನೀರಿಗೆ ಸುಣ್ಣದ ತಿಳಿ ಸೇರಿದ ಕೂಡಲೇ ನೀಲಿ ಗಸಿ ಕಟ್ಟುತ್ತದಲ್ಲ, ಸಿಮೆಂಟ್ ಗೋಡೆಯಲ್ಲೂ ಹಾಗೆಯೇ. ಸಿಮೆಂಟಿನಲ್ಲಿ ಸುಣ್ಣದ ಅಂಶ ಇದೆ, ತಾಮ್ರ ಬಂದು ಅಲ್ಲೇ ಕೂತುಕೊಳ್ಳುತ್ತದೆ. ಚಹಾ ಬಣ್ಣದ ಕತೆ ಬೇರೆ. ಅದು ಬೋರ್‌ವೆಲ್ ನೀರಿನ ಕಬ್ಬಿಣ. ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಕ್ಲೋರಿನ್ ತಾಗಿದರೆ ತುಕ್ಕಾಗಿ ಹೊರಗೆ ಬರುತ್ತದೆ. ಮುರಕಲ್ಲಿನ ನೆಲದಲ್ಲಿ ಇದು ಸಾಮಾನ್ಯ.

ಹಾಗಾಗಿ ಔಷಧಿ ತರುವ ಮೊದಲು ಕಲೆ ಯಾವುದು ಅಂತ ಗುರುತಿಸಿ. ಮೂಲೆಯಲ್ಲಿ ನೀರಿನಿಂದ ಮೇಲಿರುವ ಕಲೆ ಆರಿಸಿ, ಒಂದು ಬಿಂಬುಳಿ ಕೊಯ್ದು ಒಂದು ನಿಮಿಷ ಉಜ್ಜಿ. ನಮ್ಮ ಹೆಂಗಸರು ಬಟ್ಟೆಯ ತುಕ್ಕಿನ ಕಲೆಗೆ ಇದನ್ನೇ ಉಜ್ಜುವುದು, ಅದರಲ್ಲಿ ಆಕ್ಸಾಲಿಕ್ ಆಸಿಡ್ ಇದೆ. ಬಿಂಬುಳಿ ಇಲ್ಲದಿದ್ದರೆ ವಿಟಮಿನ್ ಸಿ ಮಾತ್ರೆ ಆಗುತ್ತದೆ. ಕಲೆ ತಿಳಿಯಾದರೆ ಅದು ಕಬ್ಬಿಣ. ಆಗಲಿಲ್ಲವಾ? ಚೆನ್ನಾಗಿ ತೊಳೆದು, ಮರುದಿನ ಬೇರೆ ಜಾಗದಲ್ಲಿ ಚೂರು ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚಿ. ಹತ್ತು ನಿಮಿಷದಲ್ಲಿ ಮಾಸಿದರೆ ಅದು ಪಾಚಿ ಅಥವಾ ಎಲೆಯ ಚೊಗರು. ಗೇರು, ಹಲಸಿನ ಎಲೆ ತಳದಲ್ಲಿ ಕೊಳೆತರೆ ಅಂಥ ಕಂದು ಬರುತ್ತದೆ. ಚೊಗರೂ ಕಬ್ಬಿಣವೂ ಸೇರಿದರೆ ಕಪ್ಪು. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಈ ಕಪ್ಪಿಗೆ ಬಿಂಬುಳಿಯೇ ಸರಿ.

ಈ ಎರಡು ಪರೀಕ್ಷೆಯನ್ನು ಒಟ್ಟಿಗೆ ಮಾಡಬೇಡಿ. ಬ್ಲೀಚಿಂಗ್ ಪೌಡರಿಗೆ ಯಾವ ಹುಳಿಯೂ ಸೇರಬಾರದು. ಬಾತ್‌ರೂಂ ತೊಳೆಯುವ ಆಸಿಡ್ ಸೇರಿದರಂತೂ ಕ್ಲೋರಿನ್ ಗ್ಯಾಸ್ ಏಳುತ್ತದೆ. ಅದು ಗಾಳಿಗಿಂತ ಭಾರ, ಖಾಲಿ ಟ್ಯಾಂಕಿಯ ತಳದಲ್ಲೇ ನಿಲ್ಲುತ್ತದೆ. ಒಳಗೆ ಇಳಿದು ಉಜ್ಜುತ್ತಿದ್ದವನಿಗೆ ಮೇಲೆ ಹತ್ತಲೂ ಸಮಯ ಸಿಗದೆ ಹೋಗಬಹುದು. ಒಬ್ಬರೇ ಇಳಿಯಬೇಡಿ.

ಪಾಚಿಗೆ ಉಜ್ಜುವುದೇ ಮೊದಲ ಮದ್ದು. ಕಪ್ಪು ಚುಕ್ಕೆಯ ಪಾಚಿ ಸಿಮೆಂಟಿನ ಸಣ್ಣ ರಂಧ್ರದೊಳಗೆ ಹಿಡಿದಿರುತ್ತದೆ, ಮೇಲೊಂದು ಪೊರೆ ಬೇರೆ. ಅದು ಹರಿಯದಿದ್ದರೆ ಕ್ಲೋರಿನ್ ಒಳಗೆ ಹೋಗುವುದಿಲ್ಲ. ಗಟ್ಟಿ ನೈಲಾನ್ ಬ್ರಶ್ ತಗೊಳ್ಳಿ. ಮಾಮೂಲು ತಂತಿ ಬ್ರಶ್ ಬೇಡ, ಅದರ ತುಂಡು ಉಳಿದು ತುಕ್ಕು ಹಿಡಿದರೆ ಹೊಸ ಕಲೆ.

ಉಜ್ಜಿದ ಮೇಲೆ ಲೆಕ್ಕ ಹಾಕಿ. ಉದ್ದ, ಅಗಲ, ನೀರಿನ ಆಳ ಅಡಿಯಲ್ಲಿ ಗುಣಿಸಿ, 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 20 ಅಡಿ, 10 ಅಡಿ, 4 ಅಡಿ ನೀರು ಅಂದರೆ ಸುಮಾರು 22,600 ಲೀಟರ್. ಪಾಚಿ ಕೊಲ್ಲಲು ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ ಹಿಡಿದರೆ, 30 ಶೇಕಡಾ ಶಕ್ತಿಯ ಬ್ಲೀಚಿಂಗ್ ಪೌಡರ್ ಮುಕ್ಕಾಲು ಕೆ.ಜಿ. ಬೇಕು. ಹಳೇ ಪೌಡರ್ ಆದರೆ ಶಕ್ತಿ ಹೋಗಿರುತ್ತದೆ, ಹೊಸದೇ ತನ್ನಿ. ಬಕೆಟಿನಲ್ಲಿ ಮೊದಲು ನೀರು, ಆಮೇಲೆ ಪೌಡರ್. ಗಸಿ ಕೂತ ಮೇಲೆ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ. ಗಸಿ ಸುಣ್ಣ, ಅದು ನೀರನ್ನು ಬಿಳಿ ಮಾಡುತ್ತದೆ. ಹೊತ್ತು ಕಂತಿದ ಮೇಲೆ ಹಾಕಿ. ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗುತ್ತದೆ.

ಒಂದು ಮಾತು: ಪಿಎಚ್ ನೋಡದೆ ಹಾಕಿದರೆ ದಂಡ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಚುರುಕಾಗಿ ಕೆಲಸ ಮಾಡುತ್ತದೆ, 8.5 ಆದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಬಾವಿ ನೀರು ನಮ್ಮಲ್ಲಿ ಹುಳಿ ಕಡೆಗೆ, ಹೊಸ ಸಿಮೆಂಟ್ ಟ್ಯಾಂಕಿ ಅದನ್ನು ಮೇಲೆ ಎಳೆಯುತ್ತದೆ. ಅಂದಾಜು ಬೇಡ. ಮೀನಿನ ಅಕ್ವೇರಿಯಂ ಅಂಗಡಿಯಲ್ಲಿ ಪಿಎಚ್ ನೋಡುವ ಹನಿ ಸಿಗುತ್ತದೆ. 7.2ರಿಂದ 7.6ರ ಒಳಗೆ ಇರಲಿ.

ಕಬ್ಬಿಣದ ನೀರಾದರೆ ಕ್ಲೋರಿನ್‌ಗೆ ಮೊದಲು ಅದನ್ನು ಇಳಿಸಬೇಕು. ಬೋರ್ ನೀರನ್ನು ಪೈಪಿನಿಂದ ಎತ್ತರದಿಂದ ಸಣ್ಣ ತೊಟ್ಟಿಗೆ ಬೀಳಿಸಿ, ಒಂದೆರಡು ದಿನ ಬಿಡಿ. ಗಾಳಿ ತಾಗಿ ಕೆಂಪು ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಬಿಟ್ಟುಕೊಳ್ಳಿ. ತೆರೆದ ಬಾವಿ ಇದ್ದರೆ ಅದರ ನೀರೇ ತುಂಬಿಸಿ.

ಇಷ್ಟೆಲ್ಲ ಮಾಡಿಯೂ ಹದಿನೈದೇ ದಿನಕ್ಕೆ ಹಸಿರು ತಿರುಗಿ ಬಂದರೆ ಮೇಲ್ಗಡೆ ನೋಡಿ. ತೋಟದ ಗೊಬ್ಬರ, ಕೊಟ್ಟಿಗೆ ತೊಳೆದ ನೀರು ಮಳೆಗೆ ಹರಿದು ಟ್ಯಾಂಕಿಗೆ ಬರುತ್ತಿದೆಯಾ? ಪಾಚಿಗೂ ಅಡಿಕೆಗೂ ಬೇಕಾದ ಗೊಬ್ಬರ ಒಂದೇ. ಸುತ್ತ ಒಂದು ಅಡಿ ಕಟ್ಟೆ, ಮೇಲ್ಬದಿಗೆ ಚರಂಡಿ ಮಾಡಿದ ಮೇಲೆ ನನ್ನ ಖರ್ಚು ಅರ್ಧಕ್ಕೆ ಇಳಿಯಿತು.

ನೆಲದೊಳಗೆ ಇಳಿಸಿ ಕಟ್ಟಿದ ಟ್ಯಾಂಕಿಯನ್ನು ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಬೇಡಿ. ಆಗ ಒರತೆ ಮೇಲೆ ಬಂದಿರುತ್ತದೆ, ಹೊರಗಿನ ನೀರಿನ ಒತ್ತಡಕ್ಕೆ ತಳ ಬಿರಿಯಬಹುದು. ತೊಳೆಯುವ ಕೆಲಸ ಏಪ್ರಿಲ್-ಮೇಯಲ್ಲಿ ಮುಗಿಸಿ.

ಮಕ್ಕಳು ಇಳಿಯುವ ದಿನ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು, ಸ್ಟ್ರಿಪ್ ಅದ್ದಿ ನೋಡಿ. ತಳಕ್ಕೆ ಹಾಕಿದ ನಾಣ್ಯ ಮೇಲಿಂದ ಕಾಣದಿದ್ದರೆ ಇಳಿಸಲೇಬೇಡಿ, ಮುಳುಗಿದ ಮಗುವೂ ಕಾಣುವುದಿಲ್ಲ. 2024ರಲ್ಲಿ ಪಕ್ಕದ ಕೇರಳದಲ್ಲಿ ಮೆದುಳಿಗೆ ಸೋಂಕು ತರುವ ಅಮೀಬಾದಿಂದ ಮಕ್ಕಳು ತೀರಿಹೋದದ್ದು ಓದಿರಬಹುದು. ಬೆಚ್ಚಗಿನ, ಕ್ಲೋರಿನ್ ಇಲ್ಲದ ನಿಂತ ನೀರು ಮೂಗಿನ ಮೂಲಕ ಒಳಗೆ ಹೋಗುವುದೇ ಅದರ ದಾರಿ.

ಆ ನೀರನ್ನೇ ತೋಟಕ್ಕೆ ಬಿಡುವವರು ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಸ್ಟ್ರಿಪ್‌ನಲ್ಲಿ ಕ್ಲೋರಿನ್ ಸೊನ್ನೆ ಆದಮೇಲೆ ಬಿಡಿ. ಸತ್ತ ಪಾಚಿ ಡ್ರಿಪ್ಪಿನ ತೂತು ಕಟ್ಟುತ್ತದೆ, ಫಿಲ್ಟರ್ ಜಾಲರಿ ಮೊದಲೇ ತೊಳೆದಿಡಿ. ತೋಡಿಗಂತೂ ಬಿಡಬೇಡಿ. ಮೈಲುತುತ್ತ ಹಾಕಿದ ನೀರಾದರೆ ಇನ್ನೂ ಕೆಟ್ಟದು: ನಮ್ಮಂಥ ಮೆದು ನೀರಿನಲ್ಲಿ ತಾಮ್ರ ಮೀನಿಗೆ ಹೆಚ್ಚು ವಿಷ, ಮತ್ತು ನಮ್ಮ ತೋಡುಗಳೆಲ್ಲ ಹೊಳೆ ಸೇರಿ ಗಂಗೊಳ್ಳಿ ಅಳಿವೆಗೇ ಹೋಗುವುದು.

ನಮ್ಮ ಟ್ಯಾಂಕಿಯ ಕೆಂಪು ಕಲೆ ಎರಡು ಬೇಸಿಗೆಯಲ್ಲಿ ಹೋಯಿತು. ನೀಲಿದು ಒಂದು ಮೂಲೆಯಲ್ಲಿ ಇನ್ನೂ ಇದೆ.