ಸ್ಫಟಿಕಗರ್ಭದ ಗೋಪುರ

ಗೇಣೆತ್ತರದ, ನುಣ್ಣಗೆ ಮೆರುಗಿಟ್ಟ ಕಲ್ಲಿನ ಗೋಪುರ. ಅದರ ನಡುವೆ ಬಾಯ್ದೆರೆದ ಒಂದು ಕುಹರ. ಕುಹರದ ಒಳಗೋಡೆಯ ತುಂಬ ಕಲ್ಲುಸಕ್ಕರೆಯ ಹರಳುಗಳಂತೆ ಕಿಕ್ಕಿರಿದ ಸ್ಫಟಿಕಗಳು. ಮನೆಯ ಅಲಂಕಾರಕ್ಕೆಂದು ಕೊಳ್ಳುವವರನ್ನು ಸೆಳೆಯುವುದು ಈ ಕುಹರವೇ. ಅದನ್ನು ಯಾವ ಶಿಲ್ಪಿಯೂ ಕೊರೆದುದಲ್ಲ.

ಇಂತಹ ಗೋಪುರಗಳಿಗೆ ಒದಗುವ ಶಿಲೆಗಳಲ್ಲಿ ಅಗೇಟ್ ಮುಖ್ಯವಾದುದು. ಗುಜರಾತಿನ ಖಂಭಾತ್ ಪಟ್ಟಣದ ಕುಶಲಕರ್ಮಿಗಳು ಅದನ್ನು ಅಕೀಕ್ ಎಂದು ಕರೆಯುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲದ ಬಿರುಕುಗಳಿಂದ ಲಾವಾರಸವು ಉಕ್ಕಿ ಹರಿಯಿತು. ಅದು ತಣಿದು ಬಸಾಲ್ಟ್ ಶಿಲೆಯಾಗುವಾಗ, ಒಳಗೆ ಸಿಕ್ಕಿಬಿದ್ದ ಅನಿಲವು ಗುಳ್ಳೆಗಳ ಆಕಾರವನ್ನು ಉಳಿಸಿತು. ಅನಂತರ ಸಿಲಿಕವನ್ನು ಕರಗಿಸಿಕೊಂಡ ನೀರು ಆ ಟೊಳ್ಳುಗಳಿಗೆ ಜಿನುಗಿತು. ಸಿಲಿಕವು ಗೋಡೆಯಿಂದ ಒಳಮುಖವಾಗಿ ಪದರ ಪದರವಾಗಿ ಕಟ್ಟುತ್ತ ಬಂದಿತು. ಅಗೇಟಿನ ಸುತ್ತುಸುತ್ತಾದ ಪಟ್ಟೆಗಳು ಈ ಪದರಗಳೇ. ಟೊಳ್ಳು ಪೂರ್ತಿಯಾಗಿ ತುಂಬದೆ ನಡುವೆ ಎಡೆ ಉಳಿದಲ್ಲಿ ಸ್ಫಟಿಕಗಳು ತಡೆಯಿಲ್ಲದೆ ಬೆಳೆದು ಮೊನೆ ಮೂಡಿಸಿದವು. ಬಸಾಲ್ಟ್ ಸವೆದು ಮಣ್ಣಾದರೂ ಅದಕ್ಕಿಂತ ಗಡುಸಾದ ಅಗೇಟಿನ ಗಡ್ಡೆಗಳು ಉಳಿದುಕೊಂಡವು. ನರ್ಮದೆಯ ಸಮೀಪದ ರತನ್‌ಪುರದ ಗಣಿಗಳಿಂದ ಅವು ಬಹುಕಾಲದಿಂದ ಖಂಭಾತಿಗೆ ಬಂದಿವೆ.

ಉಕ್ಕಿನ ಚೂರಿ ಈ ಕಲ್ಲಿನ ಮೇಲೆ ಗೀರು ಮೂಡಿಸಲಾರದು. ಅದನ್ನು ಸೀಳಲು ವಜ್ರದ ಪುಡಿಯನ್ನು ಕೂಡಿಸಿದ ಗರಗಸ ಬೇಕು. ಗಡ್ಡೆಯ ಒಡಲಲ್ಲಿ ಎಂತಹ ಕುಹರವಿದೆಯೆಂಬುದು ಸೀಳಿದ ಮೇಲೆಯೇ ನಿಶ್ಚಯ. ಆ ಬಳಿಕ ಕುಹರದ ಅಂಚು ಒಡೆಯದಂತೆ ಮುಖಗಳನ್ನು ಉಜ್ಜಿ, ನವುರಾದ ಪುಡಿಗಳಿಂದ ತೀಡಿ ಮೆರುಗು ತರಬೇಕು. ತಾಳ್ಮೆಯನ್ನು ಬೇಡುವ ಕೆಲಸವಿದು. ಅದೇ ಸೀಮೆಯ ಲೋಥಲ್‌ನಲ್ಲಿ 4,000 ವರ್ಷಗಳ ಹಿಂದೆಯೇ ಇಂತಹ ಕಲ್ಲುಗಳಿಂದ ಮಣಿಗಳನ್ನು ಮಾಡುತ್ತಿದ್ದರು.

ಒಣಗಲ್ಲನ್ನು ಸಾಣೆಚಕ್ರಕ್ಕೆ ಒತ್ತಿದಾಗ ಏಳುವ ಧೂಳೂ ಸಿಲಿಕವೇ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅದರ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿನ ಮೃದುವಾದ ಅಂಗಾಂಶವನ್ನು ಗಾಯಗೊಳಿಸಿ ಗಡುಸಾಗಿಸುತ್ತವೆ. ಸಿಲಿಕೋಸಿಸ್ ಎಂಬ ಈ ವ್ಯಾಧಿಯನ್ನು ವಾಸಿಮಾಡುವ ಔಷಧವಿಲ್ಲ. ಇದಕ್ಕೆ ತುತ್ತಾದವರನ್ನು ಕ್ಷಯವೂ ಸುಲಭವಾಗಿ ಹಿಡಿಯುತ್ತದೆ. ಖಂಭಾತಿನಲ್ಲಿ ಸಾಣೆಯ ಕೆಲಸವು ಮನೆಗಳಲ್ಲಿಯೂ ನಡೆದುದರಿಂದ, ಚಕ್ರವನ್ನು ಮುಟ್ಟದ ಮಕ್ಕಳೂ ಆ ಧೂಳನ್ನು ಉಸಿರಾಡಬೇಕಾಯಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಈ ಕೆಲಸಗಾರರಲ್ಲಿ ಸಿಲಿಕೋಸಿಸ್ ಇರುವುದನ್ನು ಪರೀಕ್ಷಿಸಿ ದಾಖಲಿಸಿದ್ದಾರೆ.

ನೀರು ಹನಿಸುತ್ತ ಉಜ್ಜಿದರೆ ಧೂಳಿನ ಬಹುಭಾಗ ಕೆಸರಾಗಿ ಕೆಳಗಿಳಿಯುತ್ತದೆ. ಚಕ್ರದ ಬಳಿಯಲ್ಲಿಯೇ ಧೂಳನ್ನು ಹೀರಿಕೊಳ್ಳುವ ಕೊಳವೆಯನ್ನು ಜೋಡಿಸುವುದು ಇನ್ನೊಂದು ಉಪಾಯ. ಬಡ ಕುಶಲಕರ್ಮಿಯ ಕೈಗೆ ಸುಲಭವಾಗಿ ಸಿಗುವುದು ಮಾತ್ರ ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ. ಅದು ದಪ್ಪ ಧೂಳನ್ನು ತಡೆದೀತು. ಆ ಸೂಕ್ಷ್ಮ ಕಣಗಳನ್ನು ತಡೆಯಲಾರದು.